ಹಿಮದ ಮೇಲೆ ಕೈಮಾತು

ಜೂನ್ 8, ರವಿವಾರ, ಬೆಳಿಗ್ಗೆ. ಟ್ರುಗನಿನಾ

ಮತ್ತೆ ಎರಡು ಲೋಡ್ ಒಗೆದೆ. ಸೆಕೆಂಡ್ ಹ್ಯಾಂಡ್ ಸ್ಕೀ ಪ್ಯಾಂಟುಗಳು ಹಗ್ಗದ ಮೇಲೆ ಕಾಲು ಅಗಲಿಸಿ ನೇತಾಡುತ್ತಿವೆ. ಇಲ್ಲಿ ಜೂನ್ ಅಂದರೆ ಚಳಿಗಾಲ, ಬಿಸಿಲಿಲ್ಲ. ಗ್ಯಾರೇಜಿನಲ್ಲಿ ಹೀಟರ್ ಹಚ್ಚಬೇಕು. ಮಗಳು ಮಾಧುರಿ ಕಾರು ಹೊರಗೆ ನಿಲ್ಲಿಸಿ ಬಂದು, "ಅಪ್ಪಾ, ನನ್ನ ಗ್ಯಾರೇಜ್ ಯಾವಾಗ ವಾಪಸ್ ಕೊಡ್ತೀರಿ?" ಎಂದಳು. ಜುಲೈ ಮುಗಿಯಲಿ ಎಂದೆ. ಹೋದ ವರ್ಷವೂ ಹಾಗೇ ಹೇಳಿದ್ದೆನಂತೆ.

ಮೊಮ್ಮಗಳು ಕೃಪಾಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹಿಮದಲ್ಲಿ ಜಾರುವುದೆಂದರೆ ಪ್ರಾಣ. ಕಂಪನಿಗಳ ದುಬಾರಿ ಸ್ಕೀ ಪ್ಯಾಕೇಜು ನಮ್ಮಂಥವರಿಗಲ್ಲ. ಅದಕ್ಕೇ ಈ ಉಸಾಬರಿ — ಅವಳಂಥ ಮಕ್ಕಳು, ಅವರ ಮನೆಯವರು, ಆರು ಕುಟುಂಬ. ಬೆಟ್ಟದ ಮೇಲೆ ರೂಮು ಬೇಡ. ಕೆಳಗೆ ಬ್ರೈಟ್ ಊರಲ್ಲಿ ಒಂದು ಹಾಲ್, ಅಡುಗೆ ನಮ್ಮದೇ. ಹಾಲ್‌ನವನಿಗೆ ಕಾಲೇಜಿನ ಇಂಗ್ಲಿಷಿನಲ್ಲಿ ಈಮೇಲ್ ಬರೆದೆ. "ಐ ಬೆಗ್ ಟು ಸ್ಟೇಟ್"... ಮುಂದಿನದು ಮರೆತು "ನಾಟ್‌ವಿತ್‌ಸ್ಟ್ಯಾಂಡಿಂಗ್" ಹಾಕಿದೆ. "ನೋ ವರೀಸ್ ಮೇಟ್" ಎಂದು ಬಂತು. ಹೆಂಡತಿ ಅನ್ನಪೂರ್ಣ ಬದುಕಿದ್ದರೆ ನಕ್ಕು ಚಹಾ ಚೆಲ್ಲುತ್ತಿದ್ದಳು.

ಜೂನ್ 19, ಸಂಜೆ

ಸಿಡ್ನಿಯ ಗಿರಾವೀನ್‌ನಿಂದ ಫೋನು. ವಿಜೇತಾ, ಉಡುಪಿ ಕಡೆಯವಳು. ಮಗಳು ಅಶ್ವಿತಾ, ಎಂಟು ವರ್ಷ, ಅವಳಿಗೂ ಕೇಳಿಸದು. ಬರುತ್ತಾರಂತೆ. ಒಂದು ಷರತ್ತು — ಅಶ್ವಿತಾಳ ಜೊತೆ ಯಾರೂ ಕೈಭಾಷೆ ಆಡಕೂಡದು. ತುಟಿ ನೋಡಿ ತಿಳಿಯಲು, ಬಾಯಿಂದ ಹೇಳಲು ಪಕ್ಕದಲ್ಲಿ ಕೂತು ಕಲಿಸಿದವಳು ತಾಯಿ. ಕೈ ರೂಢಿಯಾದರೆ ಬಾಯಿ ಬಿಟ್ಟುಬಿಡುತ್ತಾಳೆಂದು ಹೆದರಿಕೆ.

"'ಅಮ್ಮ' ಅಂತ ಹೇಳ್ಲಿಕ್ಕೆ ಎರಡು ವರ್ಷ ಬೇಕಾಯ್ತು ಅಂಕಲ್. ಅದು ನಿಂತ್ರೆ ನಾನೆಂತ ಮಾಡುದು?"

ಒಪ್ಪಿಕೊಂಡೆ. ತಾಯಿ ಅಳುವಾಗ ವಾದ ಮಾಡುವ ವಿದ್ಯೆ ನನಗಿಲ್ಲ.

ಕೃಪಾಳಿಗೆ ನನ್ನ ಹರಕುಮುರುಕು ಕೈಭಾಷೆಯಲ್ಲೇ ಹೇಳಿದೆ. ಅವಳು ಕೇಳಿದಳು — ಮತ್ತೆ ಆ ಹುಡುಗಿ ನಮ್ಮ ನಡುವೆ ಬಂದು ಏನು ಮಾಡಬೇಕು, ಸುಮ್ಮನೆ ನೋಡುತ್ತ ಕೂಡಬೇಕಾ? ಇಸ್ತ್ರಿ ಮಾಡಲು ಹೋದೆ.

ಜುಲೈ 8, ಬ್ರೈಟ್

ಮೊದಲ ದಿನವೇ ನನ್ನ ಬುದ್ಧಿವಂತಿಕೆ ಬಯಲು. ಈ ಸಲ ಎಲ್ಲರಿಗೂ ಮಿಟನ್ ತಂದಿದ್ದೆ. ನಾಲ್ಕು ಬೆರಳೂ ಒಂದೇ ಚೀಲದಲ್ಲಿ, ಹೆಬ್ಬೆರಳು ಬೇರೆ. ಬೆಚ್ಚಗಿರುತ್ತದೆಂದು ಮೂಟೆಗಟ್ಟಲೆ. ಬೆಟ್ಟದಲ್ಲಿ ಹಿಮದ ಮೇಲೆ ಮಕ್ಕಳಿಗೆ ಹಾಕಿಸಿದ್ದೇ ತಡ, ಗುಂಪು ಗಪ್‌ಚುಪ್. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೆರಳಿಲ್ಲದೆ ಯಾವ ಮಾತು? ಸ್ಕೀ ಕಲಿಸುವ ದರ್ಶನ್, ಅವನಿಗೂ ಕಿವಿ ಕೇಳಿಸದು, ತನ್ನ ಕೈಗವಸು ಕಿತ್ತು ನನಗೆ ಏನೋ ಹೇಳಿದ. ಮಾಧುರಿ ನಗುತ್ತ ತಿಳಿಸಿದಳು: "ಅಂಕಲ್ ನಮ್ಮ ಬಾಯಿಗೆ ಚೀಲ ಕಟ್ಯಾರ, ಅಂತಾನ."

ಆಮೇಲೆ ಮಕ್ಕಳೇ ದಾರಿ ಹುಡುಕಿದರು. ಮಿಟನ್ ಸಮೇತ ಇಡೀ ತೋಳು ಬೀಸಿ ಮಾತು. ಬಿದ್ದೆ, ಹಸಿವು, ಆ ಅಜ್ಜನ ಹೊಟ್ಟೆ ನೋಡು... ಅಶ್ವಿತಾ ಬೆಳಗಿನಿಂದ ಬೇಲಿ ಪಕ್ಕ ನಿಂತಿದ್ದಳು. ಎಲ್ಲರ ಮೂತಿಗೂ ಮಫ್ಲರು. ಓದಲು ತುಟಿಯೇ ಇಲ್ಲ. ಈ ತೋಳಿನ ಮಾತು ಅವಳಿಗೂ ತಿಳಿಯಿತು. ಬೇಲಿ ಬಿಟ್ಟು ಬಂದಳು. ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದಳು — ನನ್ನನ್ನೇ!

ಷರತ್ತು ಮುರಿಯಿತೋ ಇಲ್ಲವೋ. ವಿಜೇತಾಳ ಮುಖ ನೋಡುವ ಧೈರ್ಯ ಸಾಲದೆ ಕಾಫಿ ನೆಪದಲ್ಲಿ ಜಾರಿಕೊಂಡೆ. ಊಟದ ಹೊತ್ತಿಗೆ ಅವಳೇ ಬಂದಳು. "ಅವಳು ನಗುದು ಅಷ್ಟು ದೂರದಿಂದ ಕೇಳಿಸ್ತು ಅಂಕಲ್," ಎಂದಳು. ಅಷ್ಟೇ. ಬೈಗುಳವೋ ಏನೋ ತಿಳಿಯಲಿಲ್ಲ.

ಸಂಜೆ ಬೆರಳಿರುವ ಗ್ಲೌಸ್ ಹುಡುಕಿದೆ. ಎಲ್ಲರಿಗೂ ಸಿಗಲಿಲ್ಲ.

ಜುಲೈ 9

ಮಧ್ಯಾಹ್ನ. ಕೃಪಾ, ದರ್ಶನ್ ಅಶ್ವಿತಾಳನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಚೇರ್‌ಲಿಫ್ಟಿನ ಸಾಲಿಗೆ ಕರೆದೊಯ್ದರು. ಅಶ್ವಿತಾ ಅಲ್ಲಿಂದ ತಿರುಗಿ, ಮೇಲೆ ತೋರಿಸಿ, ಕೈ ಎದೆಗೆ ಒತ್ತಿಕೊಂಡಳು. ಹೋಗಲಾ? ವಿಜೇತಾ ಮಫ್ಲರ್ ಕೆಳಗೆಳೆದು ತುಟಿ ದೊಡ್ಡದು ಮಾಡಿ ಏನೋ ಅಂದಳು. ಅಷ್ಟು ದೂರಕ್ಕೆ ಯಾವ ತುಟಿ ಕಂಡೀತು? ಮಗು ಕಾಯುತ್ತಿದೆ. ಸಾಲು ಸರಿಯುತ್ತಿದೆ.

"ಅಂಕಲ್, ಹುಷಾರಾಗಿ ಹೋಗಿ ಬಾ ಅನ್ನುದು ಹೇಗೆ?"

ನನಗೆ ಸರಿಯಾಗಿ ಬರುವುದು ಊಟ ಆಯಿತೇ, ಬಾತ್‌ರೂಮ್ ಬಂತೇ, ಸಾಕು ಮಲಗು. ಅದನ್ನೇ ಹೇಳಿದೆ.

"ಎಂತ ಮಾರಾಯ್ರೆ, ಬಾತ್‌ರೂಮ್ ಅಂತ ಹೇಳಿ ಕಳಿಸ್ಲಿಕ್ಕಾಗ್ತದಾ?"

ತಾನೇ ಎರಡೂ ತೋಳು ಎತ್ತಿದಳು. ಮೇಲೆ ತೋರಿಸಿದಳು. ಕಂಬಿ ಬಿಗಿಯಾಗಿ ಹಿಡಿದಂತೆ ಮುಷ್ಟಿ ಕಟ್ಟಿದಳು. ಆಮೇಲೆ ತೋಳು ಅಗಲಿಸಿ ನಿಂತೇಬಿಟ್ಟಳು — ಬಾ, ಇಲ್ಲೇ ಇರುತ್ತೇನೆ. ಅಶ್ವಿತಾ ಅಷ್ಟನ್ನೂ ಅಲ್ಲಿಂದ ಹಾಗೇ ಮಾಡಿ ತೋರಿಸಿದಳು, ಪಾಠ ಒಪ್ಪಿಸುವಂತೆ. ಕುರ್ಚಿ ಏರಿದಳು. ವಿಜೇತಾ ತೋಳು ಇಳಿಸಲೇ ಇಲ್ಲ. ಯಾರೋ ಫೋಟೋಕ್ಕೆಂದು ತಿಳಿದು ಪಕ್ಕಕ್ಕೆ ಸರಿದರು.

ಜಾರಿ, ಬಿದ್ದು, ಎದ್ದು, ಅಂತೂ ಕೆಳಗೆ ಬಂದವಳು ಕೂಗಿದ್ದು "ಅಮ್ಮಾ" ಎಂದು. ಬಾಯಿಂದ. ವಿಜೇತಾ ಹಿಮದಲ್ಲೇ ಕೂತಳು.

ಆಗಸ್ಟ್ 24, ಗಿರಾವೀನ್

ವಿಜೇತಾ ಮನೆಯವರು ಕರೆದರು, ಬಂದೆ. ನೀರ್ ದೋಸೆ ಎಷ್ಟು ತಿಂದೆನೋ. ಬುಧವಾರ ಸಂಜೆ ಗಂಡ ಹೆಂಡತಿ ಕೈಭಾಷೆ ಕ್ಲಾಸಿಗೆ ಹೋಗುತ್ತಾರಂತೆ. ತುಳು, ಕನ್ನಡ, ಹಿಂದಿ, ಇಂಗ್ಲಿಷ್ ಸಾಲದೆ ಇದೊಂದು ಎಂದು ಗಂಡ ಸುಕೇಶ್‌ನ ಗೊಣಗಾಟ — ಮನೆಪಾಠ ಮಾತ್ರ ಅವನೇ ಮೊದಲು ಮುಗಿಸುವುದು. ವಿಜೇತಾ ತಪ್ಪಿದರೆ ಅಶ್ವಿತಾ ತಾಯಿಯ ಬೆರಳು ಹಿಡಿದು ತಿದ್ದುತ್ತಾಳೆ. ಬಾಯಿಯೂ ನಡೆದಿದೆ, ಕೈಯೂ ನಡೆದಿದೆ. ತಾಯಿ ಇನ್ನೂ ಆಗಾಗ ಕದ್ದು ಆ ಬಾಯಿ ನೋಡುತ್ತಾಳೆ. ಹೆದರಿಕೆ ಅಷ್ಟು ಬೇಗ ಹೋಗುವುದಿಲ್ಲ ಪಾಪ.

ಈಗ ಅಶ್ವಿತಾ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಕೈಯಲ್ಲೇ ಏನೋ ಕೇಳುತ್ತಿದ್ದಾಳೆ, ಭಾರೀ ಜೋರು. ಅರ್ಧ ತಿಳಿಯಿತು. ಒಂದು ಕೈಯಲ್ಲಿ ತಡಿ ಎಂದೆ. ಒಪ್ಪುತ್ತಿಲ್ಲ. ಉತ್ತರ ಕೊಡಲು ಎರಡೂ ಕೈ ಬೇಕು, ಪೆನ್ನು ಕೆಳಗೆ...