ಉಪ್ಪಿನ ಮಗಳ ಕೊನೆಯ ಸ್ವರ

ಸಾಂಪಲೋಕ್, ಮನಿಲಾ
ಮಾರ್ಚ್ 11, ಬುಧವಾರ

ಪ್ರೀತಿಯ ವಿಲ್ಮಾ,

ಹೇಗಿದ್ದೀ ಮಗಳೇ? ಮಂಡಿನೋವು ಇಳಿಯಿತೆ? ಆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಸಂಜೆಯೆಲ್ಲ ನಿಂತು ಹಾಡಬೇಡ ಎಂದು ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಹೋಟೆಲಿಗೆ ಬರುವವರಿಗೆ ಕಿವಿಗೆ ಹಾಡು ಬಿದ್ದರೆ ಸಾಲದೆ, ನಿನ್ನ ಪಾದವನ್ನೂ ನೋಡಬೇಕೆ? ಮಕಾವಿನಲ್ಲಿ ಇನ್ನೂ ಚಳಿಯಂತೆ, ಕುತ್ತಿಗೆಗೆ ಬಟ್ಟೆ ಸುತ್ತಿಕೋ. ಇಲ್ಲಿ ಆಗಲೇ ಧಗೆ ಶುರುವಾಗಿದೆ. ನಾನು ಚೆನ್ನಾಗಿದ್ದೇನೆ. ಪವಿತ್ರ ವಾರದ ಪಾರಾಯಣಕ್ಕೆ ಈ ಸಲವೂ ನನ್ನನ್ನೇ ಕರೆದಿದ್ದಾರೆ. ಪಕ್ಕದ ಮನೆಯ ಆಲಿಂಗ್ ದೇಲಿಯಾ "ಈ ವಯಸ್ಸಲ್ಲೂ ಏನು ಗಂಟಲು ಪುರಿಂಗ್ ನಿಂದು" ಎಂದು ಹೊಗಳುತ್ತಾಳೆ, ಹೊಗಳಿ ಮುಗಿಸಿ ಅವಳ ಮನೆಯ ಪಾತ್ರೆಗಳನ್ನು ನನ್ನ ಮುಂದೆ ತಂದಿಡುತ್ತಾಳೆ.

ಫೋನು ಇರುವಾಗ ಈ ಮುದುಕಿ ಯಾಕೆ ಕಾಗದ ಬರೆಯುತ್ತಾಳೆ ಎಂದು ನೀನು ಅಂದುಕೊಳ್ಳುತ್ತೀ. ಫೋನಿನಲ್ಲಿ ಮಾತಾಡಿದಾಗೆಲ್ಲ ನಿನ್ನ ಮಗಳು ಜನೆಲ್ ಪಕ್ಕದಲ್ಲೇ ಇರುತ್ತಾಳೆ. ಅವಳಿಲ್ಲದಾಗ ಮಾಡೋಣವೆಂದರೆ ಆ ಹೊತ್ತಿಗೆ ನೀನೂ ಹೋಟೆಲಿನಲ್ಲಿ ಹಾಡುತ್ತಿರುತ್ತೀ. ಅದೂ ಅಲ್ಲದೆ ನಾನು ಹೇಳಬೇಕಾದದ್ದನ್ನು ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಅತ್ತುಬಿಡುತ್ತೇನೆ. ದೇಲಿಯಾಳ ಮಗಳು ರೋವೆನಾ ನಾಳೆ ಮಕಾವಿಗೆ ವಾಪಸು ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಒಣಮೀನನ್ನೂ ಇಟ್ಟಿದ್ದೇನೆ. ಆದರೆ ಮೊದಲು ಇದನ್ನು ಓದು.

ವಿಲ್ಮಾ, ನನಗೆ ಭಯವಾಗಿದೆ. ನಿನ್ನ ಮಗಳ ಗಂಟಲು ಕೆಡುತ್ತಿದೆ. ಒಂದು ತಿಂಗಳಿನಿಂದ ಅವಳು ಬೆಳಿಗ್ಗೆ ಎದ್ದು ಮೊದಲ ಮಾತು ಆಡುವಾಗ ನೀರು ನಿಂತ ನಲ್ಲಿಯ ಹಾಗೆ ಬರೀ ಗೊರಗೊರ ಸದ್ದು ಬರುತ್ತದೆ. ಬಟ್ಟೆ ಒಗೆಯುವಾಗ ಗುನುಗುವುದನ್ನು ಬಿಟ್ಟಿದ್ದಾಳೆ. ನಾನು ಕುದಿಸಿಟ್ಟ ಶುಂಠಿ ಕಷಾಯ ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ, ನುಂಗಲು ನೋವಾಗುತ್ತದೆಂದು ಕಾಣುತ್ತದೆ. ಅಜ್ಜಿ ನಾನು ಕೇಳಿದರೆ "ಧೂಳು ಲೋಲಾ, ರಂಗದ ಮೇಲೆ ಹೊಗೆ ಬಿಡ್ತಾರಲ್ಲ, ಅದಕ್ಕೆ" ಅನ್ನುತ್ತಿದ್ದಳು. ಕೊನೆಗೆ ನಾನೇ ಕೈಹಿಡಿದು ಗಂಟಲು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಮೂಗಿನಲ್ಲಿ ತೆಳ್ಳನೆಯ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ನಾಟಕದವಳಾಗಿ ಇಷ್ಟು ವರ್ಷ ಬಾಳಿದರೂ ಸ್ವರ ಹುಟ್ಟುವ ಜಾಗವನ್ನು ನಾನು ಕಂಡಿರಲಿಲ್ಲ. ಎರಡು ಬಿಳಿಯ ಎಳೆಗಳು, ಅವುಗಳ ಮೇಲೆ ಎದುರುಬದುರಾಗಿ ಅಂಗಾಲಿನ ಆಣಿಯಂಥ ಎರಡು ಗಂಟು. ಈಗ ಸುಮ್ಮನಿದ್ದರೆ ಕರಗಬಹುದು, ಹೀಗೇ ಕೂಗುತ್ತಾ ಹೋದರೆ ಕತ್ತರಿಸಬೇಕಾಗುತ್ತದೆ, ಕತ್ತರಿಸಿದ ಮೇಲೆ ಹಾಡು ಉಳಿಯುತ್ತದೆಂದು ಹೇಳಲಾರೆ ಅಂದರು. ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಎಂದು ಅಪ್ಪಣೆ ಮಾಡಿದರು. ನಿನ್ನ ಮಗಳು ತಲೆಯಾಡಿಸಿ ಹೊರಗೆ ಬಂದು ಮೆಟ್ಟಿಲ ಮೇಲೇ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಶನಿವಾರ ಒಂದು ದಾಟಿದ್ರೆ ಸಾಕು ಲೋಲಾ. ಅಮ್ಮಂಗೆ ಹೇಳ್ಬೇಡಿ."

ಶನಿವಾರ ಏನೆಂದು ನಿನಗೆ ಗೊತ್ತು. ನಮ್ಮ 'ಉಪ್ಪಿನ ಮಗಳು' ನಾಟಕವನ್ನು ಕಾರ್ಟೂನ್ ಚಿತ್ರ ಮಾಡಿದವರು ಎರಡನೇ ಭಾಗಕ್ಕೆ ನಾಯಕಿ ಇಸ್ಯಾಂಗ್‌ಗೆ ಹಾಡುವ ಹುಡುಗಿಯನ್ನು ಹುಡುಕುತ್ತಿದ್ದಾರೆ, ಅಂದು ಜನೆಲ್ ಇಸ್ಯಾಂಗ್ ಆಗುವ ನಾಟಕ ನೋಡಲು ಬರುತ್ತಾರೆ. ಮಾತಾಡುವವಳು ಬೇರೆ, ಹಾಡುವವಳು ಬೇರೆ, ಅದು ಅವರ ಪದ್ಧತಿ. ಜನೆಲ್‌ಗೆ ಅದು ಸಿಕ್ಕಿದರೆ ಒಳ್ಳೆಯದೇ, ನಾನು ಬೇಡವೆನ್ನುವವಳಲ್ಲ. ಆದರೆ ಅವರು ಕೇಳಲು ಬರುವುದು ಹಾಡನ್ನಲ್ಲ, "ನನಗೂ ಒಂದು ದಡ"ದ ಕೊನೆಯ ಆ ಒಂದು ಸ್ವರವನ್ನು. ಚಿತ್ರ ಬಂದಾಗಿನಿಂದ ಜನವೆಲ್ಲ ಹಾಗೇ ಆಗಿಬಿಟ್ಟಿದ್ದಾರೆ. ಚಿತ್ರದಲ್ಲಿ ಇಸ್ಯಾಂಗ್ ಬಂಡೆಯ ಮೇಲೆ ನಿಂತು ಆ ಸ್ವರ ಹಿಡಿದಾಗ ಸಮುದ್ರವೇ ಎದ್ದು ನಿಲ್ಲುತ್ತದಲ್ಲ, ಈಗ ನಾಟಕದಲ್ಲೂ ಆ ಜಾಗ ಬರುತ್ತಲೇ ಸಭೆಯೆಲ್ಲ ಫೋನು ಎತ್ತಿ ಹಿಡಿದು ಕಾಯುತ್ತದೆ. ಕಾಲೇಜು ಹುಡುಗಿಯರು ಪರಸ್ಪರ ಭುಜ ಹಿಡಿದುಕೊಳ್ಳುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಜಪಸರ ಹಿಡಿದುಕೊಳ್ಳುತ್ತೇನೆ.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತೇನೆ, ಬೇಸರಿಸಬೇಡ. ಇದನ್ನು ನಾವಿಬ್ಬರೂ ಒಂದು ಸಲವೂ ಬಾಯಿಬಿಟ್ಟು ಆಡಿಕೊಂಡಿಲ್ಲ. ಮಾಯೆಸ್ಟ್ರೋ ಫೋನ್ಸೊ ಬರೆದ ಹಾಡಿನಲ್ಲಿ ಆ ಸ್ವರ ಇರಲೇ ಇಲ್ಲ. ಅವರ ಲೆಕ್ಕ ನೆನಪಿದೆಯಲ್ಲ, ಮೊದಲ ಹಾಡು ಊರಿನದು, ಎರಡನೆಯದು ಅಪ್ಪನದು, ಮೂರನೆಯದು ಹುಡುಗಿಯದು. "ತನಗೇನು ಬೇಕು ಅಂತ ನಾಯಕಿ ಹಾಡಿ ಹೇಳ್ದಿದ್ರೆ ಜನ ಯಾರಿಗೋಸ್ಕರ ಕೂತ್ಕೋಬೇಕು? ಕಡಲೆಕಾಯಿ ತಿಂದು ಎದ್ದು ಹೋಗ್ತಾರೆ" ಎಂದು ತಾಲೀಮಿನಲ್ಲಿ ಗದರುತ್ತಿದ್ದರು. ಆದರೆ ಇಸ್ಯಾಂಗ್ ಅದನ್ನು ಹಾಡುವುದು ಎಲ್ಲಿ? ಉಪ್ಪಿನ ಗುಡಿಸಲಲ್ಲಿ, ಮಲಗಿರುವ ಅಪ್ಪನ ಪಕ್ಕದಲ್ಲಿ. ಅಪ್ಪನಿಗೆ ಎಚ್ಚರವಾದರೆ ಅವಳು ಊರು ಬಿಡಲಾರಳು. ಅದಕ್ಕೇ ಹಾಡು ಏರಿ ಏರಿ ಹೋಗಿ ಕೊನೆಗೆ ಇಳಿಯುತ್ತದೆ, "ದಡ" ಎಂಬ ಮಾತು ತುಟಿಯಲ್ಲೇ ಉಳಿಯುವಷ್ಟು ತಗ್ಗಿನಲ್ಲಿ ಮುಗಿಯುತ್ತದೆ. ಆಸೆಯನ್ನು ಅಡಗಿಸಿಟ್ಟುಕೊಂಡವಳ ಹಾಡು ಅದು. ಆಗ ಇಸ್ಯಾಂಗ್ ಆಗಿದ್ದ ನೀನು ತಾಲೀಮಿನಲ್ಲಿ ಹಾಗೆ ಹಾಡಿದಾಗ ಉಪ್ಪು ಹೊರುವ ಹೆಂಗಸರ ಮೇಳದಲ್ಲಿ ನಿಂತಿದ್ದ ನಾನು ಹೆಗಲ ಬಟ್ಟೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡಿದ್ದೆ.

ಮೊದಲ ಪ್ರದರ್ಶನದಂದು ಕೊನೆಯ ಸಾಲಿಗೆ ನೀನು ಬಾಯಿ ತೆರೆದಾಗ ಮೇಲಿನಿಂದ ಪರದೆಗೆ ಭಾರವಾಗಿ ಕಟ್ಟಿದ್ದ ಮರಳಿನ ಚೀಲ ಹಗ್ಗ ಬಿಚ್ಚಿಕೊಂಡು ನಿನ್ನ ಬೆನ್ನ ಹಿಂದೆಯೇ ಬಿತ್ತು. ನೀನು ಕಿರುಚಿದೆ. ದೇವರ ದಯೆ, ಕಿರುಚಿದ್ದೂ ಶ್ರುತಿಯಲ್ಲೇ. ಪಿಯಾನೋದವನು ನಿನ್ನ ಜೊತೆಗೇ ಮೇಲಿನ ಸ್ವರಕ್ಕೆ ಹತ್ತಿದ. ಸಭೆ ಎದ್ದು ನಿಂತಿತು. ಅದು ಹೆದರಿದ ಹುಡುಗಿಯ ಕೂಗು ಎಂದು ರಂಗದ ಮೇಲಿದ್ದ ನಮಗೆ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಮಾಯೆಸ್ಟ್ರೋ ಒಳಗೆ ಬಂದು ಕೆಂಡ ಕಾರಿದರು. "ಮಲಗಿರೋ ಅಪ್ಪ ಕಿವುಡನೇನೇ?" ಎಂದರು. ಮರುದಿನ ಟಿಕೆಟ್ಟಿನ ಸಾಲು ಬೀದಿಯ ತಿರುವಿನ ತನಕ ಹೋದದ್ದನ್ನು ನೋಡಿ ಬಂದು "ಹಾಗೇ ಇರ್ಲಿ ಬಿಡು" ಎಂದರು. ಆದರೆ ಹೆದರಿಕೆ ದಿನವೂ ಹೇಳಿದ ಹೊತ್ತಿಗೆ ಬರುತ್ತದೆಯೇ? ನಿನಗೆ ಆ ಸ್ವರ ಮತ್ತೆ ಸಿಗಲಿಲ್ಲ. ಆಗ ಅವರು ನನ್ನನ್ನು ಗುಡಿಸಲಿನ ಬಣ್ಣದ ಪರದೆಯ ಹಿಂದೆ ನಿಲ್ಲಿಸಿದರು. ಬಾಯಿ ನಿನ್ನದು, ಗಂಟಲು ನನ್ನದು. ಮನೆಯಲ್ಲಿರುವ ಆ ಹಳೆಯ ಕ್ಯಾಸೆಟ್ಟಿನಲ್ಲಿ ಇರುವುದೂ ಅದೇ. ಜನ ನಿನ್ನನ್ನು ಹೊಗಳಿದಾಗೆಲ್ಲ ನನ್ನ ಎದೆ ಉಬ್ಬುತ್ತಿತ್ತು, ಸ್ವಲ್ಪ ಉರಿಯುತ್ತಲೂ ಇತ್ತು. ಇರಲಿ, ತಾಯಿಗೂ ಒಂದು ಹೊಟ್ಟೆ ಇರುತ್ತದೆ.

ಈಗ ನೋಡು. ಕ್ಯಾಸೆಟ್ಟು ಕೇಳಿ ಬೆಳೆದ ನಿನ್ನ ಮಗಳಿಗೆ ಅದು "ಅಮ್ಮನ ಸ್ವರ". ಆಚೆ ಮನೆಯವರು ಅವರಮ್ಮನ ಬಳೆಯನ್ನು ಹೇಗೆ ತೋರಿಸುತ್ತಾರೋ ಇವಳು ಅದನ್ನು ಹಾಗೆ ತೋರಿಸುತ್ತಾಳೆ. ನಿನ್ನನ್ನು ವರ್ಷಕ್ಕೊಮ್ಮೆ ನೋಡುವ ಮಗು, ಅವಳಿಗೆ ನಿನ್ನಿಂದ ಸಿಕ್ಕಿರುವುದು ಅದೊಂದೇ ಎಂದು ತಿಳಿದಿದ್ದಾಳೆ. ಒಂದು ಮೆಟ್ಟಿಲು ಇಳಿಸಿ ಹಾಡೆಂದು ಈಗಿನ ಸಂಗೀತ ನಿರ್ದೇಶಕರೇ ಹೇಳಿದರೂ ಕೇಳಲಿಲ್ಲ. "ನಮ್ಮಮ್ಮ ಪ್ರತಿದಿನ ಹಾಡಿದ್ದು, ನನ್ನ ಕೈಲಿ ಆಗಲ್ವಾ" ಅಂದಳಂತೆ. ಹಾಗಾಗಿ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ, ಮರಳಿನ ಚೀಲದಿಂದ ಹಿಡಿದು ಪರದೆಯ ತನಕ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಕೋಪಿಸಿಕೊಳ್ಳುವುದಾದರೆ ಆಮೇಲೆ ಕೋಪಿಸಿಕೋ. ಅವಳು ನಂಬಲಿಲ್ಲ. ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಮ್ಮನ ಮೇಲೆ ನಿಮಗೆ ಇಷ್ಟು ಹೊಟ್ಟೆಕಿಚ್ಚಾ ಲೋಲಾ?" ಎಂದಳು. ನಾನು ಎದ್ದು ಹೋಗಿ ಅಕ್ಕಿ ತೊಳೆದೆ.

ಆವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಡಾಕ್ಟರು ಹೇಳಿದ್ದಕ್ಕೋ, ನನ್ನ ಮೇಲಿನ ಸಿಟ್ಟಿಗೋ ಗೊತ್ತಿಲ್ಲ, ಬೇಕಾದದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಹಗಲೆಲ್ಲ ಮೂಕಿ, ಸಂಜೆ ಹೋಗಿ ಅದೇ ಗಂಟಲಿನಿಂದ ಕೂಗುತ್ತಾಳೆ. ಗಂಟಲು ಬಾತುಕೊಳ್ಳದಿರಲೆಂದು ಎಲ್ಲೋ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದಾಳೆ, ತೋಳಿನ ಮೇಲಿನ ಗುರುತು ನೋಡಿದೆ. ನಿನ್ನೆ ನಾಟಕದಲ್ಲಿ ಆ ಸ್ವರದ ನಡುವೆ ಒಂದು ಗಳಿಗೆ ಏನೂ ಇರಲಿಲ್ಲ. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಸದ್ದಿರಲಿಲ್ಲ. ಮರುಕ್ಷಣ ಬಂತು. ಜನ ಅದನ್ನೂ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಪಕ್ಕದವಳ ತೋಳು ಹಿಡಿದುಕೊಂಡೆ. ಕಿಯಾಪೊ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿಬಂದೆ.

ನನ್ನ ಮಾತು ಅವಳ ಕಿವಿಗೆ ಹೋಗದು. ನೀನು ಹೇಳಬೇಕು. ಅಮ್ಮನ ಸ್ವರವೆಂದು ಅವಳು ತಿಳಿದದ್ದು ಅಮ್ಮನದಲ್ಲ ಎಂದು ನಿನ್ನ ಬಾಯಿಂದಲೇ ಹೇಳು. ನಿನಗೆ ಕಷ್ಟವೆಂದು ಬಲ್ಲೆ, ಆ ಒಂದು ಹೆಸರಿನ ಮೇಲೇ ಅಲ್ಲಿ ನಿನ್ನನ್ನು ಕರೆದು ಹಾಡಿಸುತ್ತಾರೆ. ಆದರೂ ಹೇಳು. ಹಾಡು ತಗ್ಗಿನಲ್ಲಿ ಮುಗಿಯುತ್ತದೆಂದು, ಅದನ್ನು ಹಾಗೆಯೇ ಬರೆದಿದ್ದರೆಂದು, ನೀನು ನಿಜವಾಗಿ ಚೆನ್ನಾಗಿ ಹಾಡುತ್ತಿದ್ದದ್ದು ಆ ಇಳಿಯುವ ಸಾಲನ್ನೇ ಎಂದು ಹೇಳು. ಅದು ಸುಳ್ಳಲ್ಲ, ನಾನು ಕೇಳಿದ್ದೇನೆ. ಕಾಗದ ಕೈಗೆ ಬಂದ ಕೂಡಲೇ ಫೋನು ಮಾಡು, ಹೋಟೆಲಿನವರು ಏನಂದರೂ ಸರಿ.

ದೇವರು ನಿನ್ನನ್ನು ಕಾಯಲಿ ಮಗಳೇ. ರೋವೆನಾಳಿಗೆ ಒಂದು ಹೊತ್ತು ಊಟ ಹಾಕು, ಪಾಪ, ನನ್ನ ಮೀನಿನ ವಾಸನೆ ಸಹಿಸಿಕೊಂಡು ಬರುತ್ತಾಳೆ.

ನಿನ್ನ ನಾನಾಯ್,
ಪುರಿಂಗ್

ಮರೆತ ಮಾತಲ್ಲ, ಈಗ ಆದದ್ದು: ಗುರುವಾರ ಬೆಳಿಗ್ಗೆ. ರೋವೆನಾ ಬಾಗಿಲಲ್ಲಿ ನಿಂತಿದ್ದಾಳೆ, ಆತುರದಲ್ಲಿ ಬರೆಯುತ್ತಿದ್ದೇನೆ. ಜನೆಲ್ ಬಚ್ಚಲಿನಲ್ಲಿ ಆ ಸ್ವರ ತೆಗೆಯಲು ನೋಡಿದಳು. ಎಷ್ಟು ಸಲ ನೋಡಿದರೂ ಬರೀ ಗಾಳಿ. ಒದ್ದೆ ತಲೆಯಲ್ಲೇ ಹೊರಗೆ ಬಂದು ಸ್ಲೇಟು ಹಿಡಿದಳು. "ನೀವು ಹೇಳಿದ್ದು ನಿಜ ಅಲ್ವಾ ಲೋಲಾ? ಹಾಗಾದ್ರೆ ಶನಿವಾರ ಪರದೆ ಹಿಂದೆ ನೀವೇ ಹಾಡಿ. ಆಮೇಲೂ." ನಾನು ಆಗದು ಅನ್ನಬೇಕಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಬಾಯಿ ತೆರೆದೆ. ಬರಲಾರದು ಎಂದುಕೊಂಡಿದ್ದೆ. ಬಂತು ವಿಲ್ಮಾ, ತೆಳ್ಳಗೆ, ಆದರೆ ಪೂರ್ತಿ. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನನ್ನನ್ನು ತಬ್ಬಿಕೊಂಡಳು. ನಾನು ಪರದೆಯ ಹಿಂದೆ ನಿಂತರೆ ಆ ಹುಡುಗಿ ಉಳಿದ ಹಾಡನ್ನೆಲ್ಲ ಆ ಹರಿದ ಗಂಟಲಿನಲ್ಲೇ ಹಾಡುತ್ತಾಳೆ, ಗಂಟಲು ಮುಗಿಯುವ ತನಕ ಹಾಡುತ್ತಾಳೆ. ನನಗೆ ಬೇಡ ಅನ್ನಲು ಆಗುತ್ತಿಲ್ಲ, ಹಾಡಬೇಕು ಅನ್ನಿಸುತ್ತಿದೆ. ಫೋನು ಬೇಡ. ನಾನು ಹೋಗಿ ಆ ಪರದೆಯ ಹಿಂದೆ ನಿಲ್ಲುವುದರೊಳಗೆ ನೀನೇ ಬಂದು ನಮ್ಮಿಬ್ಬರನ್ನೂ ತಡೆ.