ಐದು ಬೆರಳಿನ ಹೇಂಟೆ

ಜುಲೈ ೧೪, ಸೋಮವಾರ

ಚುಚ್ಚುಮದ್ದು ಹಾಕಲು ಬಂದ ಪಶುವೈದ್ಯರು ನನ್ನ ಮೂರು ತಿಂಗಳ ಹೇಂಟೆಮರಿಯ ಕಾಲು ಹಿಡಿದು ಬೆರಳು ಎಣಿಸಿದರು. ಐದು. ಪಾದದವರೆಗೂ ಪುಕ್ಕ. ನಮ್ಮ ಹುಂಜಕ್ಕೂ ಹೇಂಟೆಗಳಿಗೂ ನಾಲ್ಕೇ ಬೆರಳು, ಬೋಳು ಕಾಲು.

“ಇದರಪ್ಪ ನಿಮ್ಮ ಹುಂಜ ಅಲ್ಲ. ಇಂಥ ಕಾಲಿರೋ ಹುಂಜ ನಾನು ನೋಡಿರೋದು ಒಂದೇ, ನಿಮ್ಮ ಅಕ್ಕನ ಮನೇಲಿ,” ಎಂದರು.

ಅಕ್ಕನ ಮನೆ ಸೇತುವೆಯಾಚೆ. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷ. ಕೋಳಿ ಅಷ್ಟು ದೂರ ಹೋಗಿರಲಾರದು, ಮೊಟ್ಟೆಯೇ ಬಂದಿರಬೇಕು. ಅಮ್ಮನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

“ನೀನು ಜ್ವರ ಬಂದು ಮಲಗಿದ್ದೆಯಲ್ಲ, ಆಗ ಕಾವಿಗಿಟ್ಟ ಮೊಟ್ಟೆ ಎಲ್ಲಾ ಕೆಟ್ಟುಹೋದ್ವು. ಅವಳೇ ಬೇರೆ ತಂದಿಟ್ಲು. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು.”

“ಅವಳು ಇಲ್ಲಿಗ್ಯಾಕೆ ಬಂದಿದ್ಲು?”

“ನಾಲ್ಕು ದಿನ ನಿನ್ನ ಪಕ್ಕ ಕೂತಿದ್ದು ಯಾರು ಅಂದ್ಕೊಂಡೆ?”

ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದ ಆ ಕೈಯನ್ನು ಅಮ್ಮನದೆಂದೇ ಹಿಡಿದುಕೊಂಡಿದ್ದೆ. ಸತ್ತರೂ ಅಕ್ಕನ ಮುಖ ನೋಡುವುದಿಲ್ಲ ಎಂದು ಆ ಮಂಪರಿನಲ್ಲಿ ಅವಳಿಗೇ ಹೇಳಿದ್ದೆನಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಬಟ್ಟೆಯನ್ನು ತಿರುಗಿಸಿ ಹಾಕಿದಳು.