ಹಳೇ ಕಾರಿನ ಹಿಂದಿನ ಬಾಗಿಲು

ಹೊನ್ನವಳ್ಳಿ
೧೨-೨-೧೯೮೬

ಪ್ರೀತಿಯ ಅಣ್ಣನಿಗೆ, ದಾಕ್ಷಾಯಿಣಿಯ ನಮಸ್ಕಾರಗಳು.

ಬುಕ್ ಮಾಡಿ ಕಾದು ಕಾದು ನಿನ್ನ ಸರದಿಗೆ ಬಂದ ಹೊಸ ಮಾರುತಿಯನ್ನು ನಮಗೇ ಬಿಟ್ಟುಕೊಡುತ್ತೇನೆಂದು ಇಲ್ಲಿಯವರೆಗೂ ಓಡಿಸಿಕೊಂಡು ಬಂದೆಯಲ್ಲ, ಅಂಥ ಮನಸ್ಸು ಯಾರಿಗಿದೆ? ನಿನ್ನ ಭಾವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಆದರೂ ಕಾರು ನಿನಗೇ ಇರಲಿ.

ಅವತ್ತು ನಮ್ಮ ಮಾವ ಅದರ ಬಾನೆಟ್ಟಿಗೆ ಕಿವಿಯಿಟ್ಟು, "ಸದ್ದೇ ಇಲ್ವಲ್ಲಪ್ಪ, ಇನ್ನೂ ಹಸಿ ಐತೆ, ಒಂದು ವರ್ಷ ಅಟ್ಟಕ್ಕೆ ಹಾಕು" ಅಂದಾಗ ಎಲ್ಲರೂ ನಕ್ಕೆವು. ಕಣ್ಣು ಹೋದ ಮೇಲೂ ಅಟ್ಟದ ತೆಂಗಿನಕಾಯನ್ನು ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಮಾತ್ರ ಕೊಬ್ಬರಿಯಾಯಿತೆಂದು ಒಡೆಯಲು ಕೊಡುವವರು ಅವರು.

ನೀನು ಹೊರಟ ಮೇಲೆ ಮಾವ ಸರಿಯಾಗಿ ಊಟವನ್ನೇ ಮಾಡಲಿಲ್ಲ. "ಬೀಗರ ಕಾರು ಬಾಗ್ಲಿಗೆ ಬಂದ್ರೂ ನಂಗೆ ಗೊತ್ತಾಗ್ಲಿಲ್ಲ ಕಣವ್ವ" ಅಂದರು. ನಮ್ಮ ಹಳೇ ಕಾರಿನ ಸದ್ದು ಕೆರೆ ಏರಿಯ ಮೇಲೆ ಕೇಳಿದೊಡನೆ ಎದ್ದು ಹೋಗಿ ಗೇಟು ತೆಗೆಯುವುದು ಅವರೇ.

ಹಾಗಾಗಿ ಹಳೆಯದಕ್ಕೇ ತಿಪಟೂರಿನ ಮೆಕ್ಯಾನಿಕ್ ಮುನಾಫ್ ಸಾಹೇಬರಿಂದ ಡೀಸೆಲ್ ಇಂಜಿನ್ ಕೂರಿಸಿದೆವು. ಎಲ್ಲ ಬಿಗಿ ಮಾಡಿ, ಹಿಂದಿನ ಬಾಗಿಲು ಮಾತ್ರ ಮುಟ್ಟಬೇಡಿ ಎಂದೆ.

"ಅದೇ ಅಲ್ವೇನಮ್ಮ ಜಾಸ್ತಿ ಬಡ್ಕೊಳ್ಳೋದು?"

"ಬಡ್ಕೊಳ್ಲಿ ಬುಡಿ" ಅಂದೆ.

ನಿನ್ನೆ ನಾವು ಕೆರೆ ಏರಿ ಇಳಿದು ಬರುವಷ್ಟರಲ್ಲಿ ಮಾವ ಗೇಟು ತೆಗೆದು ಹಿಡಿದುಕೊಂಡು ನಿಂತಿದ್ದರು.

ಮುಂದಿನ ಸಲ ಬರುವಾಗ ಏರಿಯ ಮೇಲಿಂದಲೇ ಹಾರ್ನ್ ಹೊಡಿ ಅಣ್ಣ. ನಿನಗೂ ಅವರೇ ಗೇಟು ತೆಗೆಯಬೇಕಂತೆ.

ನಿನ್ನ ತಂಗಿ,
ದಾಕ್ಷಾಯಿಣಿ